ಗೇಟ್ ಎತ್ರಿ ಅಂದವರು ಯಾರು?

2023ರ ಏಪ್ರಿಲ್ ತಿಂಗಳು. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಮೂವತ್ತೊಂದು ವರ್ಷ ವೈರ್‌ಲೆಸ್ ಆಪರೇಟರ್ ಆಗಿ ದುಡಿದು ನಾನು ನಿವೃತ್ತಳಾಗಿ ಎರಡು ವರ್ಷವಾಗಿತ್ತು. ಕಾಲುವೆಗಳ ಹೂಳು ತೆಗೆಯುವ ಗುತ್ತಿಗೆ ಹಿಡಿದಿದ್ದ ಖಾಸಗಿ ಕಂಪನಿಯೊಂದು ನನ್ನನ್ನು ಸಲಹೆಗಾರಳೆಂದು ಇಟ್ಟುಕೊಂಡಿತ್ತು. ಕಂಪನಿಯ ಹೆಸರು ಬರೆಯುವುದಿಲ್ಲ, ಬರೆದರೆ ಕೈ ಹೊಲಸಾಗುತ್ತದೆ. ಆ ಬೇಸಿಗೆಯಲ್ಲಿ ಆರು ಹೆಂಗಸರು ಸಾವಿನ ಬಾಯಿಂದ ಹೊರಬಂದರು. ಏನೂ ತಪ್ಪು ಮಾಡದ ಹುಸೇನಸಾಬ ಎಂಬ ಗೇಟ್‌ಮ್ಯಾನ್ ಕೆಲಸ ಕಳೆದುಕೊಳ್ಳುವ ಹಂತಕ್ಕೆ ಬಂದರು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮೊದಲು ಕೆಲಸ ಏನೆಂದು ಹೇಳುತ್ತೇನೆ. ಬೇಸಿಗೆಯಲ್ಲಿ ಹೊಲಗಳಿಗೆ ನೀರು ಬಿಡುವುದು ನಿಂತಿರುತ್ತದೆ. ದೊಡ್ಡ ಕಾಲುವೆಯಲ್ಲಿ ಮಾತ್ರ ಕುಡಿಯುವ ನೀರಿಗೆಂದು ಒಂದಿಷ್ಟು ಹರಿವು ಇರುತ್ತದೆ. ಅದರಿಂದ ಕವಲೊಡೆಯುವ ಸಣ್ಣ ಕಾಲುವೆಗಳ ಗೇಟು ಇಳಿಸಿ, ಒಣಗಿದ ಮೇಲೆ ಹೂಳು ತೆಗೆಯಬೇಕು. ಒಂದು ಪಟ್ಟಿ ಕೆಲಸ ಮುಗಿದ ಕೂಡಲೇ ಮಂದಿಯನ್ನು ಮೇಲೆ ಹತ್ತಿಸಿ, ಗೇಟನ್ನು ಒಂದಿಷ್ಟು ಎತ್ತಿ, ಉಳಿದ ಕೆಸರನ್ನು ನೀರಿನಿಂದಲೇ ತೊಳೆಯುತ್ತಾರೆ. ದೇವಾಪುರದ ಕಡೆ ನಮ್ಮ ಪಾಲಿಗೆ ಬಂದಿದ್ದ ಕಾಲುವೆಯಲ್ಲಿ ಗುಡ್ಡದ ಬುಡಕ್ಕೆ ಇನ್ನೂರು ಅಡಿ ಉದ್ದ ಮೇಲೆ ಕಾಂಕ್ರೀಟ್ ಹೊದಿಸಿ ಮುಚ್ಚಿದ ಭಾಗವೊಂದಿತ್ತು. ನಡು ಬಗ್ಗಿಸಿಯೇ ಒಳಗೆ ಹೋಗಬೇಕು. ಕೆಳಗಿನ ಬಾಯಿಗೆ ದನ ನುಗ್ಗದಂತೆ ಕಬ್ಬಿಣದ ಜಾಲರಿ ಹಾಕಿದ್ದರು. ಹೊರಬರಲು ಮೇಲಿನ ಬಾಯಿ ಒಂದೇ ದಾರಿ. ಗೇಟು ಇದ್ದದ್ದು ಅಲ್ಲಿಂದ ಎಂಟುನೂರು ಮೀಟರ್ ದೂರ, ಒಂದು ತಿರುವಿನ ಆಚೆ. ಇಲ್ಲಿಂದ ಅಲ್ಲಿಗೆ ಕಾಣುವುದಿಲ್ಲ, ಕೂಗಿದರೆ ಕೇಳುವುದಿಲ್ಲ, ತಗ್ಗಿನಲ್ಲಿ ಮೊಬೈಲ್ ನೆಟ್‌ವರ್ಕ್ ಸಿಗುವುದಿಲ್ಲ. ಅದಕ್ಕೇ ವಾಕಿಟಾಕಿ ಬೇಕಾಗಿತ್ತು.

ಯಾವ ಸೆಟ್ ತರಬೇಕೆಂದು ಕಂಪನಿಯ ಮ್ಯಾನೇಜರ್ ನನ್ನನ್ನೇ ಕೇಳಿದ. ನಾನು ಯಾದಗಿರಿಗೆ ಹೋಗಿ ಅಂಗಡಿಯಲ್ಲಿ ಮೂರು ತರಹದವನ್ನು ನೋಡಿ ಬಂದೆ. ಒಂದು, ಐದು ವ್ಯಾಟಿನ ವಿದೇಶಿ ಸೆಟ್. ಬಹಳ ದೂರ ಹೋಗುತ್ತದೆ, ಆದರೆ ಲೈಸನ್ಸ್ ಇಲ್ಲದೆ ಅದನ್ನು ಬಳಸುವುದು ಅಪರಾಧ. ಅದನ್ನು ಅಲ್ಲೇ ಬಿಟ್ಟೆ. ಉಳಿದ ಎರಡೂ ಲೈಸನ್ಸ್ ಬೇಡದವು. ಸರ್ಕಾರ 446 ಮೆಗಾಹರ್ಟ್ಸ್ ಆಸುಪಾಸಿನ ಒಂದು ಕಿರಿದಾದ ಪಟ್ಟಿಯನ್ನು ಸಣ್ಣ ಶಕ್ತಿಯ ಸೆಟ್‌ಗಳಿಗೆಂದು ಎಲ್ಲರಿಗೂ ಬಿಟ್ಟುಕೊಟ್ಟಿದೆ. ಎಲ್ಲರಿಗೂ ಬಿಟ್ಟದ್ದು ಅಂದ ಮೇಲೆ ಎಲ್ಲರೂ ಅಲ್ಲೇ ಇರುತ್ತಾರೆ. ಇದನ್ನು ಆ ಮ್ಯಾನೇಜರ್ ತಲೆಗೆ ತುಂಬಲು ನಾನು ಪಟ್ಟ ಪಾಡು ನನಗೇ ಗೊತ್ತು.

ಈ ಎರಡರಲ್ಲಿ ಒಂದು ಹಳೆಯ ಅನಲಾಗ್ ಸೆಟ್. ಡಬ್ಬಿಯ ಮೇಲೆ ‘ಪ್ರೈವೆಸಿ ಕೋಡ್’ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಆ ಕೋಡ್ ಮಾಡುವುದಿಷ್ಟೇ: ಬೇರೆಯವರ ಮಾತು ನಮ್ಮ ಸ್ಪೀಕರಿನಲ್ಲಿ ಬರದಂತೆ ತಡೆಯುತ್ತದೆ. ನಮ್ಮ ಮಾತನ್ನು ಅದು ಬಚ್ಚಿಡುವುದಿಲ್ಲ, ಅದೇ ಚಾನೆಲ್‌ನಲ್ಲಿರುವವರು ಆರಾಮಾಗಿ ಕೇಳಬಹುದು. ಆ ತಡೆಯೂ ಕೋಡ್ ಹಾಕಿದರೆ ಮಾತ್ರ. ಕಾರ್ಖಾನೆಯಿಂದ ಬರುವಾಗ ಎಲ್ಲವೂ ಒಂದನೇ ಚಾನೆಲ್‌ನಲ್ಲಿ, ಕೋಡ್ ಇಲ್ಲದೆ ಇರುತ್ತವೆ. ಇನ್ನೊಂದು ಡಿಜಿಟಲ್ ಸೆಟ್. ಅದು ಮಾತನ್ನು ಅಂಕಿಗಳಾಗಿ ಮಾಡಿ ಕಳಿಸುತ್ತದೆ. ನಮ್ಮ ಗುಂಪಿನ ನಂಬರ್ ಮತ್ತು ಕೀ ಇರುವ ಸೆಟ್ ಮಾತ್ರ ಅದನ್ನು ಬಿಚ್ಚಿ ಕೇಳಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾತಾಡುತ್ತಿರುವ ಸೆಟ್ಟಿನ ನಂಬರು ಕೇಳುವವರ ಸೆಟ್ಟಿನ ಪುಟ್ಟ ಪರದೆಯಲ್ಲಿ ಮೂಡುತ್ತದೆ. ಯಾರು ಮಾತಾಡುತ್ತಿದ್ದಾರೆಂದು ಊಹಿಸಬೇಕಾಗಿಲ್ಲ. ನಾನು ಡಿಜಿಟಲ್ ಎಂದು ಬರೆದುಕೊಟ್ಟೆ.

ವಾರದ ಮೇಲೆ ಶಹಾಪುರದ ಆಫೀಸಿಗೆ ಹೋದರೆ ಮೇಜಿನ ಮೇಲೆ ಅನಲಾಗ್ ಡಬ್ಬಿಗಳು ಕೂತಿದ್ದವು.

‘ಪ್ರೈವೆಸಿ ಅಂತ ಡಬ್ಬಿ ಮ್ಯಾಲನ ಬರದಾರಲ್ರಿ ಮೇಡಂ, ಇನ್ನೇನ್ ಬೇಕು? ಗುಂಡಿ ಒತ್ತೂದು, ಮಾತಾಡೂದು. ನಮ್ಮ ಮಂದಿಗಿ ಇಷ್ಟ ಸಾಕು’ ಎಂದ ಮ್ಯಾನೇಜರ್.

‘ನಮ್ಮ ಮಂದಿಗಿ’ ಎಂದ ರೀತಿಗೇ ನನ್ನ ತಲೆ ಕೆಟ್ಟಿತು. ಮೂವತ್ತೊಂದು ವರ್ಷ ವೈರ್‌ಲೆಸ್ ಮುಂದೆ ಕೂತವಳಿಗೆ ಈತ ಡಬ್ಬಿಯ ಮೇಲಿನ ಅಕ್ಷರ ಓದಿ ಹೇಳುತ್ತಿದ್ದ. ‘ನಿಮ್ಮ ಆಟಿಗಿ ಸಾಮಾನು ನೀವ ಆಡಿಸ್ಕೋರಿ’ ಎಂದು ಬೈದೆ. ಆತ ಮುಂದೆ ಚಾಚಿದ ರಸೀದಿಗೆ ಅದೇ ಸಿಟ್ಟಿನಲ್ಲಿ ಸಹಿ ಗೀಚಿ ಎದ್ದು ಬಂದೆ. ರಸೀದಿಯಲ್ಲಿ ‘ಪರೀಕ್ಷಿಸಿ ಸರಿಯಾಗಿವೆಯೆಂದು ಸ್ವೀಕರಿಸಲಾಗಿದೆ’ ಎಂದು ಅಚ್ಚಾಗಿತ್ತು. ನಾನು ಓದಿದ್ದೆ. ಓದಿಯೂ ಸಹಿ ಹಾಕಿದೆ. ಡಬ್ಬಿ ಬಿಚ್ಚಲಿಲ್ಲ, ಚಾನೆಲ್ ಬದಲಿಸಲಿಲ್ಲ, ಕೋಡ್ ಹಾಕಲಿಲ್ಲ, ಸೆಟ್ ಹಿಡಿಯುವವರಿಗೆ ಒಂದು ಮಾತು ಕಲಿಸಲಿಲ್ಲ. ಮನೆಗೆ ಬಂದು ಚಹಾ ಮಾಡಿಕೊಂಡು ಕುಡಿದೆ.

ಕೆಲಸ ಶುರುವಾದ ನಾಲ್ಕನೆಯ ದಿನ ಬೆಳಗ್ಗೆ ಹನ್ನೊಂದರ ಸುಮಾರಿಗೆ ಅದು ನಡೆಯಿತು. ಮುಚ್ಚಿದ ಕಾಲುವೆಯೊಳಗೆ ಆರು ಹೆಂಗಸರು ಹೂಳು ತುಂಬುತ್ತಿದ್ದರು. ಎಲ್ಲರಿಗಿಂತ ಒಳಗಿದ್ದವಳು ದೇವಾಪುರದ ಮಲ್ಲಮ್ಮ. ಮೇಲಿನ ಬಾಯಿಯಲ್ಲಿ ನಮ್ಮ ಮೇಸ್ತ್ರಿ ಭೀಮಣ್ಣ ಬುಟ್ಟಿ ತೆಗೆದುಕೊಳ್ಳುತ್ತಿದ್ದ, ಅವನ ಸೆಟ್ ಪಕ್ಕದ ಜಾಲಿ ಗಿಡಕ್ಕೆ ನೇತುಬಿದ್ದಿತ್ತು. ಗೇಟಿನ ಹತ್ತಿರ ಏರಿಯ ಮೇಲೆ ಹುಸೇನಸಾಬರು ಇನ್ನೊಂದು ಸೆಟ್ ಹಿಡಿದು ಕೂತಿದ್ದರು. ಇಪ್ಪತ್ತೆರಡು ವರ್ಷದಿಂದ ದಿನಗೂಲಿಯಲ್ಲಿ ಗೇಟು ತಿರುಗಿಸುತ್ತಿದ್ದ ಮನುಷ್ಯ, ಈಗ ನಮ್ಮ ಕಂಪನಿಯ ಲೆಕ್ಕದಲ್ಲಿದ್ದರು. ಸೆಟ್‌ನಿಂದ ಭೀಮಣ್ಣನಿಗೆ ಹುಸೇನಸಾಬರ ಒಂದು ‘ಹೂಂ’ ಮಾತ್ರ ಕೇಳಿಸಿತು. ಯಾರ ಜೊತೆಗೋ ಮಾತಾಡುತ್ತಿದ್ದಾರೆಂದು ಸುಮ್ಮನಾದ. ಸ್ವಲ್ಪ ಹೊತ್ತಿಗೆ ತಿರುವಿನಲ್ಲಿ ಕಸ ತಳ್ಳಿಕೊಂಡು ಬರುತ್ತಿದ್ದ ನೀರು ಕಂಡಿತು.

ಅವನು ಸೆಟ್ ಕಿತ್ತುಕೊಂಡು ‘ನಿಲ್ಲಸ್ರಿ ಕಾಕಾ, ಇಳಸ್ರಿ’ ಎಂದು ಒದರಿದ. ಉತ್ತರ ಬರಲಿಲ್ಲ. ಸೆಟ್ ಎಸೆದು ಒಳಗೆ ನುಗ್ಗಿದ. ಹೆಂಗಸರು ಬರುವ ನೀರಿಗೆ ಎದುರಾಗಿಯೇ ಹೊರಬರಬೇಕಿತ್ತು. ಐವರನ್ನು ಅವನು ಎಳೆದು ಹಾಕಿದ. ಮಲ್ಲಮ್ಮ ತನ್ನ ಮುಂದಿದ್ದವಳನ್ನು ತಳ್ಳುವಷ್ಟರಲ್ಲಿ ಕಾಲು ಜಾರಿದಳು. ನೀರು ಅವಳನ್ನು ಹಿಂದಕ್ಕೆ ಒಯ್ದು ಜಾಲರಿಗೆ ಅಪ್ಪಳಿಸಿತು. ಅಷ್ಟು ಹೊತ್ತಿಗೆ ಮೊದಲು ಹೊರಬಂದವಳು ಏರಿಯುದ್ದಕ್ಕೂ ಓಡಿ ಹೋಗಿ ಹೇಳಿ ಗೇಟು ಇಳಿಯುವಂತೆ ಮಾಡಿದ್ದಳು. ನೀರು ಎದೆಮಟ್ಟಕ್ಕೆ ನಿಂತದ್ದರಿಂದ ಮಲ್ಲಮ್ಮನ ಜೀವ ಉಳಿಯಿತು. ಬಲಗೈ ಎರಡು ಕಡೆ ಮುರಿದಿತ್ತು.

ಮೂರನೇ ದಿನಕ್ಕೆ ಹುಸೇನಸಾಬರನ್ನು ಕೆಲಸದಿಂದ ತೆಗೆಯುವ ಕಾಗದ ತಯಾರಾಗಿತ್ತು. ‘ಯಾರೂ ಹೇಳದೆ ತಾನಾಗಿಯೇ ಗೇಟು ಎತ್ತಿದ’ ಎಂಬುದು ಆರೋಪ. ಪೊಲೀಸರಿಗೂ ದೂರು ಕೊಡುವುದಾಗಿ ಮ್ಯಾನೇಜರ್ ಹೇಳಿಕೊಂಡು ತಿರುಗುತ್ತಿದ್ದ. ಹುಸೇನಸಾಬರು ನನ್ನ ಮನೆ ಬಾಗಿಲಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ.

‘ಅಕ್ಕಾರ, ಅಲ್ಲಾನ ಮುಂದ ನಿಂತು ಹೇಳ್ತೀನಿ. ಕಾಕಾ, ಮಂದಿ ಎಲ್ಲಾ ಮ್ಯಾಲ ಬಂದಾರ, ಗೇಟ್ ಎತ್ರಿ ಅಂತ ಸೆಟ್‌ನಾಗ ಸಾಫ್ ಕೇಳಿಸ್ತು. ಹೂಂ ಅಂದೆ, ಎತ್ತಿದೆ. ಈಗ ನಾ ಸುಳ್ಳಬುರುಕ ಆಗೇನಿ.’

ಭೀಮಣ್ಣನನ್ನು ಕೇಳಿದೆ. ‘ಮಕ್ಕಳಾಣಿ ಮಾಡ್ತೀನ್ರಿ ಅಕ್ಕಾರ, ನಾ ಹೇಳಿಲ್ಲ. ಮಂದಿ ಒಳಗಿದ್ದಾಗ ನಾ ಯಾಕ ಹೇಳ್ಲಿ?’ ಎಂದು ಅತ್ತ. ಇಬ್ಬರ ಮುಖದಲ್ಲೂ ಸುಳ್ಳು ಕಾಣಲಿಲ್ಲ.

ಮರುದಿನ ಬೆಳಗ್ಗೆ ಹುಸೇನಸಾಬರನ್ನು ಕರೆದುಕೊಂಡು ಹೋಗಿ ಅದೇ ಏರಿಯ ಮೇಲೆ, ಅದೇ ಸೆಟ್ ಹಾಕಿಕೊಂಡು ಕೂತೆ. ನಮ್ಮ ಕೆಲಸ ನಿಂತಿತ್ತು, ಆ ಚಾನೆಲ್‌ನಲ್ಲಿ ಯಾರೂ ಮಾತಾಡುವ ಹಾಗಿರಲಿಲ್ಲ. ಎರಡು ತಾಸು ಏನೂ ಇಲ್ಲ. ಆಮೇಲೆ ಸೆಟ್ ಕರಕರ ಅಂದು ಮಾತಾಡಿತು: ‘ಕಾಕಾ, ಊಟಕ್ಕ ಬರ್ರಿ.’

ಹುಸೇನಸಾಬರು ಗುಂಡಿ ಒತ್ತಲು ಕೈ ಹಾಕಿಯೇ ಬಿಟ್ಟರು. ನಾನು ಅವರ ಕೈ ಹಿಡಿದೆ. ‘ನಿಮ್ಮನ್ನ ಊಟಕ್ಕ ಕರಿಯೋರು ಯಾರದಾರ್ರಿ ಇಲ್ಲಿ?’ ಅಂದೆ. ಅವರು ಸೆಟ್ ಕೆಳಗಿಟ್ಟರು.

ಹೊಲ ದಾಟಿ ಒಂದು ಕಿಲೋಮೀಟರ್ ನಡೆದರೆ ಮುಂದಿನ ಸಣ್ಣ ಕಾಲುವೆ ಸಿಗುತ್ತದೆ. ಅಲ್ಲಿ ಬೇರೊಬ್ಬ ಗುತ್ತಿಗೆದಾರನ ಮಂದಿ ಹೂಳು ತೆಗೆಯುತ್ತಿದ್ದರು. ಅವರ ಮೇಸ್ತ್ರಿಯ ಸೊಂಟದಲ್ಲಿ ನಮ್ಮದೇ ತರಹದ ಸೆಟ್, ಒಂದನೇ ಚಾನೆಲ್, ಕೋಡ್ ಇಲ್ಲ. ಅವರ ಗೇಟಿನ ಮುದುಕನೂ ಅವನಿಗೆ ಕಾಕಾ. ನಮ್ಮ ಕಡೆ ಹಿರಿಯರನ್ನು ಹೆಸರು ಹಿಡಿದು ಕರೆಯುವವರು ಯಾರಿದ್ದಾರೆ? ಕಾಕಾ, ಮಾಮಾ, ಅಣ್ಣಾರ, ಅಕ್ಕಾರ ಎಂದೇ ಜೀವನ ನಡೆಯುತ್ತದೆ. ಎದುರಿಗಿದ್ದಾಗ ಅದು ಚಂದ, ಸೆಟ್‌ನಲ್ಲಿ ಮಾತ್ರ ಯಾವ ಕಾಕಾ ಎಂದು ತಿಳಿಯುವುದಿಲ್ಲ. ಏರಿ ಎತ್ತರದಲ್ಲಿದ್ದದ್ದರಿಂದ ಆ ಮೇಸ್ತ್ರಿಯ ಮಾತು ಹುಸೇನಸಾಬರಿಗೆ ಮುಟ್ಟಿತ್ತು, ತಗ್ಗಿನಲ್ಲಿದ್ದ ಭೀಮಣ್ಣನಿಗೆ ಮುಟ್ಟಿರಲಿಲ್ಲ. ಭೀಮಣ್ಣ ‘ಇಳಸ್ರಿ’ ಎಂದು ಒದರುವಾಗ ಆ ಮೇಸ್ತ್ರಿ ಗುಂಡಿ ಒತ್ತಿಕೊಂಡು ಇನ್ನೇನೋ ಮಾತಾಡುತ್ತಿದ್ದಿರಬೇಕು. ಒಂದು ಚಾನೆಲ್‌ನಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರ ದನಿ ಅದರಡಿ ಮುಳುಗಿ ಹೋಗುತ್ತದೆ.

ಕಂಪನಿಯ ಹಿರಿಯ ಅಧಿಕಾರಿ ವಿಚಾರಣೆಗೆಂದು ಶಹಾಪುರಕ್ಕೆ ಬಂದಿದ್ದ. ಆ ಮೇಸ್ತ್ರಿಯನ್ನು ಕೈಕಾಲು ಹಿಡಿದು ಕರೆತಂದೆ. ಅವನು ಹೇಳಿದ: ‘ಹೌದ್ರಿ, ನಾನ ಅಂದೀನಿ. ನಮ್ಮ ಕಾಕಾಗ ಅಂದೀನ್ರಿ, ಈ ಕಾಕಾಗ ಅಲ್ಲ.’

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮ್ಯಾನೇಜರ್ ಫೈಲಿನಿಂದ ಒಂದು ಹಾಳೆ ಎಳೆದ. ‘ಸರ್, ಸೆಟ್ ಸರಿ ಅದಾವ ಅಂತ ಮೇಡಂ ಖುದ್ದ ಸಹಿ ಮಾಡ್ಯಾರ. ಸೆಟ್ ಸರಿ ಇದ್ದಮ್ಯಾಲ ದನಿ ಗುರ್ತು ಹಿಡೀಲಾರದ್ದು ಗೇಟ್‌ಮ್ಯಾನ್ ತಪ್ಪು’ ಎಂದ. ಎಷ್ಟು ಸಲೀಸಾಗಿ ಕೈ ತೊಳೆದುಕೊಂಡ ನೋಡಿ! ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆದರೆ ಅವನ ಕೈಯಲ್ಲಿದ್ದದ್ದು ನನ್ನದೇ ಸಹಿ. ಆ ಸಹಿ ಸರಿಯೆಂದು ಇರುವ ತನಕ ಹುಸೇನಸಾಬರ ಕೆಲಸ ಉಳಿಯುವ ಹಾಗಿರಲಿಲ್ಲ. ನಾನು ಡಿಜಿಟಲ್ ಕೇಳಿದ್ದೆ ಎನ್ನುವ ಕಾಗದದ ನಕಲು ನನ್ನ ಚೀಲದಲ್ಲಿತ್ತು, ಅದು ನನ್ನ ಮರ್ಯಾದೆಯನ್ನು ಉಳಿಸುತ್ತಿತ್ತು, ಅವರ ಕೆಲಸವನ್ನಲ್ಲ.

ಅಲ್ಲೇ ಒಂದು ಹಾಳೆ ಇಸಿದುಕೊಂಡು ಬರೆದೆ: ‘ನಾನು ಸೆಟ್‌ಗಳನ್ನು ಪರೀಕ್ಷಿಸಿಲ್ಲ. ಪರೀಕ್ಷಿಸದೆ ಸಹಿ ಹಾಕಿದ್ದೇನೆ. ಚಾನೆಲ್ ಬದಲಿಸುವುದು, ಕೋಡ್ ಹಾಕುವುದು, ಬಳಸುವವರಿಗೆ ಕಲಿಸುವುದು ನನ್ನ ಕೆಲಸವಾಗಿತ್ತು, ಮಾಡಿಲ್ಲ. ಗೇಟ್‌ಮ್ಯಾನ್ ತನಗೆ ಬಂದ ಆದೇಶ ಪಾಲಿಸಿದ್ದಾನೆ.’ ಹುಸೇನಸಾಬರು ‘ಬ್ಯಾಡ್ರಿ ಅಕ್ಕಾರ’ ಅಂದರು. ‘ನೀವು ಸುಮ್ಮನ ಕೂಡ್ರಿ’ ಎಂದು ಅವರ ಮೇಲೂ ರೇಗಿದೆ.

ಹುಸೇನಸಾಬರ ಕಾಗದ ಹರಿದು ಹಾಕಿದರು. ನನ್ನನ್ನು ಆ ದಿನವೇ ತೆಗೆದರು. ಮ್ಯಾನೇಜರ್‌ನ ಒಂದು ಕೂದಲೂ ಕೊಂಕಲಿಲ್ಲ. ತಿಂಗಳೊಳಗೆ ಡಿಜಿಟಲ್ ಸೆಟ್‌ಗಳು ಬಂದವಂತೆ, ಅದು ತನ್ನದೇ ಆಲೋಚನೆ ಎಂದು ಅವನು ಸುರಪುರದ ತನಕ ಹೇಳಿಕೊಂಡು ಬಂದನಂತೆ. ಇದನ್ನು ಬರೆಯುವಾಗಲೂ ನನ್ನ ಪೆನ್ನು ಹಾಳೆಯನ್ನು ಹರಿಯುತ್ತಿದೆ. ಅವನ ಮೇಲಿನ ಸಿಟ್ಟು ಸಾಯುವ ತನಕ ಇರುತ್ತದೆ, ಇರಲಿ. ನನ್ನ ಮೇಲಿನದು ಅದಕ್ಕಿಂತ ಹೆಚ್ಚಿನದು. ಆತ ಗೊತ್ತಿಲ್ಲದೆ ತಂದ, ನಾನು ಗೊತ್ತಿದ್ದೂ ಸಿಟ್ಟು ಮಾಡಿಕೊಂಡು ಎದ್ದು ಬಂದೆ. ಹತ್ತು ನಿಮಿಷ ಕೂತು ಚಾನೆಲ್ ಬದಲಿಸಿ ಕೋಡ್ ಹಾಕಿದ್ದರೆ ಆ ಕೆಟ್ಟ ಸೆಟ್ಟಿನಲ್ಲೂ ಆ ಮಾತು ಹುಸೇನಸಾಬರಿಗೆ ಕೇಳಿಸುತ್ತಿರಲಿಲ್ಲ.

ಮಳೆಗಾಲದ ಹೊತ್ತಿಗೆ ದೇವಾಪುರಕ್ಕೆ ಮಲ್ಲಮ್ಮನನ್ನು ನೋಡಲು ಹೋದೆ. ಬಲಗೈ ಮೊಣಕೈಯಲ್ಲಿ ನೆಟ್ಟಗಾಗುತ್ತಿರಲಿಲ್ಲ. ಎಡಗೈಯಲ್ಲಿ ರೊಟ್ಟಿ ತಟ್ಟುವುದನ್ನು ಕಲಿಯುತ್ತಿದ್ದಳು, ಅಂಚು ಹರಿಯುತ್ತಿತ್ತು. ಚಾನೆಲ್, ಕೋಡ್, ಎರಡು ಗೇಟು ಎಂದು ನಾನು ಎಲ್ಲವನ್ನೂ ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ. ಅವಳು ಹಿಟ್ಟಿನ ಕೈ ಒರೆಸಿಕೊಂಡು ಕೇಳಿದಳು:

‘ಅದೆಲ್ಲಾ ನನಗ ತಿಳಿಯಂಗಿಲ್ರಿ ಅಕ್ಕಾರ. ಗೇಟ್ ಎತ್ತೂಮುಂದ, ಮಲ್ಲಮ್ಮ ಹೊರಗ ಬಂದಾಳೇನು ಅಂತ ಆ ಸೆಟ್‌ನಾಗ ಯಾರರ ಕೇಳಿದ್ರೇನ್ರಿ?’

ಯಾರೂ ಕೇಳಿರಲಿಲ್ಲ. ‘ಮಂದಿ ಎಲ್ಲಾ ಬಂದಾರ’ ಎಂಬ ಮಾತು ಸಾಕಾಗಿತ್ತು. ಇಲ್ಲ ಎಂದೆ.

ಸೆಟ್ ಆರಿಸಿಕೊಡಿ ಎಂದು ಈಗಲೂ ಕೆಲವರು ಮನೆಗೆ ಬರುತ್ತಾರೆ. ಲೈಸನ್ಸ್ ಬೇಡದ್ದೇ ಆಗಲಿ, ಡಿಜಿಟಲ್ ತೆಗೆದುಕೊಳ್ಳಿ, ಗುಂಪಿನ ನಂಬರ್ ನನ್ನ ಎದುರಿಗೇ ಹಾಕಿ ಎನ್ನುತ್ತೇನೆ. ಆಮೇಲೆ ಒಂದು ಹಾಳೆ ಕೊಡುತ್ತೇನೆ. ಒಳಗೆ ಇಳಿಯುವವರ ಹೆಸರು ಬರೆಯಿರಿ, ಒಂದೊಂದೇ ಹೆಸರು ಸೆಟ್‌ನಲ್ಲಿ ಕೂಗಿ, ಆ ಹೆಸರಿನವರೇ ಬಂದು ಓ ಅನ್ನುವ ತನಕ ಗೇಟಿಗೆ ಕೈ ಹಚ್ಚಬೇಡಿ ಎನ್ನುತ್ತೇನೆ. ‘ಅಷ್ಟೆಲ್ಲಾ ಯಾಕ್ರಿ, ಟೈಮ್ ಹೋಗ್ತದ’ ಅನ್ನುವವರು ಇದ್ದೇ ಇರುತ್ತಾರೆ. ಅವರಿಗೆ ಮಲ್ಲಮ್ಮನ ಮನೆಯ ದಾರಿ ಹೇಳಿ ಕಳಿಸುತ್ತೇನೆ.