ಬರಿಗಾಲಿಗೆ ಸಿಕ್ಕ ಹಳದಿ ದಾರಿ

ನಮ್ಮ ಯಜಮಾನರ ಕಣ್ಣು ಸಕ್ಕರೆ ಕಾಯಿಲೆಯಿಂದ ಹೋಯಿತು. ಪುಣೆಯ ಶಿವಾಜಿನಗರದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು ನಿವೃತ್ತಿಗೆ ಮೊದಲೇ ಮನೆಯಲ್ಲಿ ಕುಳಿತರು. ಬೆಳಕು ಯಾವುದು, ಕತ್ತಲೆ ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು. ಅಷ್ಟಾದರೂ ದೇವರು ಉಳಿಸಿದನಲ್ಲ ಎಂದು ದೀಪ ಹಚ್ಚುವಾಗ ಕೈ ಮುಗಿಯುತ್ತಿದ್ದೆ.

ಶನಿವಾರ ಬರಿಗಾಲಲ್ಲಿ ಮಾರುತಿ ಗುಡಿಗೆ ಹೋಗುವುದು ಅವರ ಮನೆತನದ ನಡಾವಳಿ. ವಿಜಯಪುರದ ಕಡೆಯಿಂದ ಪುಣೆಗೆ ಬಂದ ಮೇಲೂ ಬಿಟ್ಟಿರಲಿಲ್ಲ. ಕಣ್ಣು ಹೋದ ಮೇಲೆ ನಾನು ಕೈ ಹಿಡಿದು ಕರೆದೊಯ್ಯತೊಡಗಿದೆ. ಫುಟ್‌ಪಾತಿನ ತುಂಬ ಸ್ಕೂಟರುಗಳು, ವಡಾಪಾವ್ ಗಾಡಿ. ಬಸ್ಸಿನ ಗಾಳಿ ಮೈಗೆ ಬಡಿಸಿಕೊಳ್ಳುತ್ತ ರಸ್ತೆಯ ಅಂಚಿನಲ್ಲೇ ನಡೆಯಬೇಕು. ಹೆಂಡತಿಯ ಕೈ ಹಿಡಿದು ಹೋಗುವುದು ಅವರಿಗೆ ಸೇರುತ್ತಿರಲಿಲ್ಲ. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ.

ಒಂದು ಬೇಸಿಗೆಯಲ್ಲಿ ನಮ್ಮ ರಸ್ತೆಗೆ ಹೊಸ ಫುಟ್‌ಪಾತ್ ಬಂತು. ಅಗಲವಾಗಿತ್ತು. ಸ್ಕೂಟರ್ ಹತ್ತದಂತೆ ಅಂಚಿಗೆ ಕಂಬ ನಿಲ್ಲಿಸಿದರು. ನಡುವೆ ಉದ್ದಕ್ಕೂ ಹಳದಿ ಹಾಸುಗಲ್ಲು, ಕೆಲವದರ ಮೇಲೆ ಉಬ್ಬು ಗೆರೆ, ಕೆಲವದರ ಮೇಲೆ ಉಬ್ಬು ಗುಂಡು. ಹಾಸುತ್ತಿದ್ದವರು ಕಲಬುರಗಿ ಕಡೆಯ ಗಂಡಹೆಂಡತಿ. ಕನ್ನಡ ಕಿವಿಗೆ ಬಿದ್ದದ್ದೇ ತಡ, ಯಜಮಾನರು ನಿಂತು ಮಾತಿಗೆಳೆದರು. ಆ ಹೆಣ್ಣುಮಗಳು ಅವರ ಕೈಯ ಕೋಲು ನೋಡಿ, ಕಲ್ಲಿನ ಮೇಲೆ ಕಾಲಿಡಿಸಿದಳು.

"ಗೆರಿ ಹತ್ತಿದ್ರ ನೆಟ್ಟಗ ನಡೀರಿ, ಕಾಕಾ. ಗುಂಡು ಹತ್ತಿದ್ರ ನಿಲ್ರಿ, ಮುಂದ ರಸ್ತಾ ಅದ."

ಎಷ್ಟೋ ವರ್ಷ ಬರಿಗಾಲಲ್ಲಿ ನಡೆದ ಪಾದ ಅದು, ಬೇಗ ಕಲಿಯಿತು. ನಾಲ್ಕಾರು ವಾರ ನಾನು ಜೊತೆಗೆ ಹೋದೆ. ಆಮೇಲೊಂದು ಶನಿವಾರ ಒಬ್ಬರೇ ಹೊರಟರು. ಸದ್ದಿಲ್ಲದೆ ಹಿಂದೆ ಹೋದೆ. ಅವರು ತಿರುಗದೆ ಹೇಳಿದರು: "ನಿನ್ನ ಕೈಯಾಗಿನ ಬಳಿಗೋಳು ಸಪ್ಪಳಾ ಮಾಡಾಕತ್ತಾವ. ಮನಿಗೆ ಹೋಗು, ಇಲ್ಲಾಂದ್ರ ಮಾರುತಿ ನನಗ ನಗತಾನ."

ಅವರು ಪ್ರಸಾದದ ಪೊಟ್ಟಣ ಹಿಡಿದು ಬರುವ ತನಕ ಬಾಗಿಲಲ್ಲೇ ನಿಂತಿದ್ದೆ. ಆ ದಿನದ ಅವರ ಮುಖ ನೋಡಿದ್ದೇ ನನಗೆ ದೊಡ್ಡ ವರ.

ಎರಡು ಮಳೆಗಾಲ ಹೀಗೇ ಕಳೆಯಿತು. ಆಮೇಲೆ ಯಾರೋ ಕೇಬಲ್ ಹಾಕಲು ಫುಟ್‌ಪಾತ್ ಅಗೆದರು. ಶುಕ್ರವಾರ ಸಂಜೆ ಮಣ್ಣು ಮುಚ್ಚಿ ಕಲ್ಲುಗಳನ್ನು ಮತ್ತೆ ಕೂರಿಸಿದರು. ಹಳದಿ ಕಲ್ಲೆಲ್ಲ ಇದ್ದವು, ನೋಡುವವರಿಗೆ ಏನೂ ಕಡಿಮೆ ಇಲ್ಲ. ಆದರೆ ಕೈಗೆ ಸಿಕ್ಕಂತೆ ಇಟ್ಟಿದ್ದರು. ಗುಂಡಿನ ಕಲ್ಲು ಇನ್ನೆಲ್ಲೋ ಕೂತಿತ್ತು, ಗೆರೆಗಳು ರಸ್ತೆಯ ಕಡೆ ಮುಖ ಮಾಡಿದ್ದವು. ಮರುದಿನ ಗುಡಿಗೆ ಹೊರಟ ಯಜಮಾನರು ಆ ಗೆರೆ ಹಿಡಿದೇ ಎರಡು ಕಂಬಗಳ ನಡುವಿನಿಂದ ರಸ್ತೆಗೆ ಇಳಿದರು.

ರಿಕ್ಷಾದವನು ಬ್ರೇಕ್ ಒತ್ತಿದ, ಪುಣ್ಯಾತ್ಮ. ಆದರೂ ತಾಗಿ ಬಿದ್ದರು. ನಾನು ಓಡಿ ಹೋಗುವಷ್ಟರಲ್ಲಿ ಜನ ಸೇರಿದ್ದರು. ಕುರುಡರನ್ನು ಒಬ್ಬರನ್ನೇ ಹೇಗೆ ಬಿಟ್ಟಿರಿ ಎಂದು ಒಬ್ಬಾಕೆ ಮರಾಠಿಯಲ್ಲಿ ನನ್ನನ್ನು ಬೈದಳು. ಅದು ಅವರಿಗೂ ಕೇಳಿಸಿತು. ಬಲಗೈ ಮಣಿಕಟ್ಟು ಮುರಿದಿತ್ತು. ಇನ್ನೊಂದು ಕೈಯಿಂದ ಕಲ್ಲು ಸವರುತ್ತ ಕುಳಿತಿದ್ದರು.

"ಗೆರಿ ಬಿಟ್ಟಿಲ್ಲ ನಾ," ಎಂದರು. "ಗೆರಿ ಮ್ಯಾಲೇ ಇದ್ದೆ."

ಎಲುಬು ಕೂಡಿತು, ಬಲಗೈ ಉಳಿಯಿತು. ಅದಕ್ಕೂ ಕೈ ಮುಗಿದೆ. ವಾರ್ಡ್ ಕಚೇರಿಗೆ ನಾನು ಹಲವು ಸಲ ಅಲೆದ ಮೇಲೆ ಕಲ್ಲುಗಳನ್ನೂ ಸರಿಮಾಡಿದರು. ನಾನೇ ಬರಿಗಾಲಲ್ಲಿ ಗುಡಿಯ ತನಕ ನಡೆದು ನೋಡಿ ಬಂದು ಅವರಿಗೆ ಹೇಳಿದೆ.

ಮುಂದಿನ ಶನಿವಾರ ಸ್ನಾನ ಮುಗಿಸಿ, ಕೋಲು ಮೂಲೆಯಲ್ಲೇ ಬಿಟ್ಟು, ಹಿಡಿದುಕೋ ಎಂಬಂತೆ ನನ್ನ ಕಡೆ ಕೈ ಚಾಚಿದರು. ಚಪ್ಪಲಿ ಕೊಡು ಎಂದರು. ಇವತ್ತು ಶನಿವಾರ ಅಲ್ಲೇನ್ರಿ ಎಂದೆ.

"ಗೊತ್ತದ. ಕೊಡು."

ಬಗ್ಗಿ ನಾನೇ ತೊಡಿಸಿದೆ.