ಉಡಿಯ ಅಕ್ಕಿ, ಬಳಸದ ವೀಸಾ

ಅರಿಶಿನ ಕೊಂಬಿನ ತುದಿ ಮುರಿದು, ಅಕ್ಕಿ ಒಂದು ಕಡೆ ಹಳದಿಯಾಗಿತ್ತು. ಲಂಡನ್ ವಿಮಾನ ನಿಲ್ದಾಣದ ಅಧಿಕಾರಿ ಆ ಗಂಟನ್ನು ಮೇಜಿನ ಮೇಲೆ ಬಿಚ್ಚಿಟ್ಟು ನನ್ನ ಮುಖ ನೋಡಿದರು.

ಗಂಟು ಖಾನಾಪುರದ ಮಾವಶಿ, ಅಂದರೆ ಅವ್ವನ ತಂಗಿ, ಕಟ್ಟಿಕೊಟ್ಟಿದ್ದು. ಬೆಳಗಾವಿಯಿಂದ ಹೊರಡುವ ಮುನ್ನ ಹೇಳಿಬರಲು ಹೋದಾಗ ಕುಪ್ಪಸದ ಖಣದಲ್ಲಿ ಅಕ್ಕಿ, ಅರಿಶಿನ, ಉತ್ತತ್ತಿ ಇಟ್ಟು ಉಡಿ ತುಂಬಿದ್ದಳು.

“ಗಂಡನ ಮನ್ಯಾಗ ಮೊದಲ ಇದನ್ನ ಬೇಯಸು.”

“ನಾ ಬರೇ ನೋಡಾಕ ಹೊಂಟೀನಿ, ಮಾವಶಿ.”

“ಗಂಡು ಹೆಣ್ಣು ನೋಡಾಕ ಬರೂದು ಕೇಳೇನಿ. ಹೆಣ್ಣ ವಿಮಾನ ಹತ್ತಿ ಹೊಂಟಿದ್ದು ಇದ ಮೊದಲ ನೋಡವಾ!”

ಲಂಡನ್ನಿನಲ್ಲಿದ್ದ ಹುಡುಗನನ್ನು ಫೋಟೊದಲ್ಲಷ್ಟೇ ನೋಡಿದ್ದೆ. ಹಿರಿಯರು ಮಾತು ಮುಗಿಸಿ, ಮುಂಬೈಯಲ್ಲಿ ಮದುವೆಯ ವೀಸಾ ಕೂಡ ಮಾಡಿಸಿದ್ದರು. ಅದರ ಮೇಲೆ ಒಳಹೋದವಳು ಬೇಗನೆ ಮದುವೆಯಾಗಲೇಬೇಕು. ಸುಮ್ಮನೆ ನೋಡಿಬರುವವರಿಗೆ ಆಗ, ಎಪ್ಪತ್ತರ ದಶಕದಲ್ಲಿ, ವೀಸಾ ಬೇಕಿರಲಿಲ್ಲ. ನಾನು ಹಾಗೆಯೇ ಹೋಗುತ್ತೇನೆಂದೆ. ಅಪ್ಪ ಮಾತು ಬಿಟ್ಟರು. ಅವ್ವ ಮಾತ್ರ, “ಮನಸ್ಸಿಗೆ ಬರಲಿಲ್ಲಂದ್ರ ತಿರಿಗಿ ಬಾ,” ಎಂದಳು.

ಗಂಟು ಏನೆಂದು ಅಧಿಕಾರಿ ಕೇಳಿದಾಗ ಇದ್ದದ್ದನ್ನೇ ಹೇಳಿದೆ.

“ಮದುವೆಯ ವೀಸಾ ಇದೆ, ಮದುವೆಯ ಅಕ್ಕಿಯೂ ಇದೆ. ನೋಡಿ ಹೋಗಲು ಬಂದೆ ಅನ್ನುತ್ತೀರಿ. ಈ ವೀಸಾಕ್ಕೆ ಮುದ್ರೆ ಒತ್ತಿದರೆ ಈಗಲೇ ಹೊರಗೆ ಹೋಗಬಹುದು. ಇಲ್ಲವಾದರೆ ವಾಪಸು ಕಳಿಸಬೇಕಾದೀತು.”

“ಬೇಡ,” ಎಂದೆ. ಮರಳುವ ಟಿಕೆಟ್ ತೋರಿಸಿದೆ.

ಅವರು ಹೊರಗೆ ಕಾಯುತ್ತಿದ್ದ ಹುಡುಗನನ್ನು ವಿಚಾರಿಸಲು ಹೋದರು. ನಾನು ಬೆಂಚಿನ ಮೇಲೆ ಕೂತು ಅಕ್ಕಿಯೊಳಗಿನ ಅರಿಶಿನದ ಚೂರುಗಳನ್ನು ಆರಿಸಿದೆ. ತಿರುಗಿ ಬಂದವರು ನೋಡಿಹೋಗುವವಳೆಂದು ಪಾಸ್‌ಪೋರ್ಟಿನ ಖಾಲಿ ಹಾಳೆಯ ಮೇಲೆ ಮುದ್ರೆ ಒತ್ತಿದರು. ವೀಸಾ ಹಾಗೆಯೇ ಉಳಿಯಿತು.

ಹೊರಗೆ ಹುಡುಗ ನನ್ನ ಪೆಟ್ಟಿಗೆ ತೆಗೆದುಕೊಂಡರು.

“ಅಧಿಕಾರಿ ಬಂದು, ‘ನಿಮ್ಮನ್ನ ನೋಡಾಕ ಬಂದಾರಂತ, ಖರೇ ಏನು?’ ಅಂತ ಕೇಳಿದ್ರು.”

“ಏನಂದ್ರಿ?”

“ನೋಡ್ಲಿ ಬಿಡ್ರಿ ಅಂದೆ. ಪರೀಕ್ಷಾಕ್ಕ ಕುಂತಂಗ ಆತು.”

“ನಾನೂ ಕುಂತೀನ್ರಿ.”

ಅವರು ನಗಲಿಲ್ಲ. ಅದು ನನಗೆ ಹಿಡಿಸಿತು.

ನಾನು ಇಳಿದುಕೊಂಡದ್ದು ಅಲ್ಲೇ ನೆಲೆಸಿದ್ದ ದೊಡ್ಡಪ್ಪನ ಮಗನ ಮನೆಯಲ್ಲಿ. ಮರುದಿನ ಬೆಳಿಗ್ಗೆ ವೈನಿ, ಅಂದರೆ ಆ ಅಣ್ಣನ ಹೆಂಡತಿ, “ಅವರು ಊಟಕ್ಕ ಬರ್ತಾರ, ಉಡಿ ಅಕ್ಕಿನ ಬೇಯಸೂಣು,” ಎಂದರು. ನಾನು ಗಂಟನ್ನು ಬಿಗಿದು ಪೆಟ್ಟಿಗೆಯ ತಳದಲ್ಲಿ, ಪಾಸ್‌ಪೋರ್ಟಿನ ಕೆಳಗೆ ಇಟ್ಟೆ. ಆಮೇಲೆ ವೈನಿಯ ಡಬ್ಬಿಯಿಂದ ಅಕ್ಕಿ ತೆಗೆದು ತೊಳೆದೆ.