ಮಗಳ ಧಾರೆ ರವಿಕೆ

ಗಂಡ ತೀರಿಕೊಂಡ ಮೇಲೆ ವೀರನಹೊಸಹಳ್ಳಿಯ ಪುಟ್ಟತಾಯಮ್ಮ ನಾಲ್ಕು ವರ್ಷ ಹೊಗೆಸೊಪ್ಪು ಕಟ್ಟುವ ಕೂಲಿಗೆ ಹೋದಳು. ಮಗಳು ಸುಧಾ ಶಾಲೆಗೆ ಸೇರಿದ ವರ್ಷ, ತೊಂಬತ್ತೆರಡರಲ್ಲಿ, ಹುಣಸೂರಿನ ಮಹಿಳಾ ಸಂಘವೊಂದು ಹೊಲಿಗೆ ಕಲಿಸುತ್ತದೆಂದು ಯಾರೋ ಹೇಳಿದರು. ಗಂಡ ಸತ್ತವಳಿಗೆ ಪೇಟೆಯಲ್ಲೇನು ಕೆಲಸ ಎಂದು ಅತ್ತೆ ಊರೆಲ್ಲ ಆಡಿಕೊಂಡರೂ ಅವಳು ಬಿಡಲಿಲ್ಲ. ಕಲಿತಳು. ಸಂಘದವರು ಕೊಟ್ಟ ಮಿಷನ್ನು ಜಗುಲಿಗೆ ಬಂತು. ಸುಧಾ ಪಿಯುಸಿ ಮುಗಿಸಿದ್ದು ಅದರ ದುಡಿಮೆಯಲ್ಲೇ.

ಊರಿನ ಲಂಗ, ಯೂನಿಫಾರಂ, ದಿನ ತೊಡುವ ರವಿಕೆಗಳೆಲ್ಲ ಅವಳಲ್ಲಿಗೇ ಬರುತ್ತಿದ್ದವು. ಮದುಮಗಳು ಧಾರೆಗೆ ತೊಡುವ ರವಿಕೆ ಮಾತ್ರ ಹುಣಸೂರಿಗೆ ಹೋಗುತ್ತಿತ್ತು. ಯಾಕೆಂದು ಯಾರೂ ಹೇಳುತ್ತಿರಲಿಲ್ಲ, ಅವಳೂ ಕೇಳುತ್ತಿರಲಿಲ್ಲ. ತನ್ನ ಮಗಳದ್ದನ್ನಾದರೂ ತಾನೇ ಹೊಲಿಯಬೇಕು ಎಂಬುದೊಂದೇ ಆಸೆ ಒಳಗೆ ಕೂತಿತ್ತು.

ಚುಂಚನಕಟ್ಟೆ ಕಡೆಯ ಸಂಬಂಧ ಗೊತ್ತಾಯಿತು. ಸೀರೆ ತಂದ ದಿನ ಬೀಗಿತ್ತಿ ಬೀರಮ್ಮ ಮಿಷನ್ನಿನ ಮೇಲಿದ್ದ ಬಟ್ಟೆಯನ್ನು ಮುಟ್ಟಿ ನೋಡಿದರು.

"ನಿಮ್ ಕೈಕೆಲ್ಸ ಬೋ ಚೆಂದ ಕಣವ್ವ. ಧಾರೆ ರವಿಕೆ ಒಂದ ಮಾತ್ರ ಮುತ್ತೈದೆ ಕೈಲಿ ವಲಿಸ್ಬುಡಿ. ತಪ್ಪು ತಿಳ್ಕೋಬ್ಯಾಡಿ."

ತಪ್ಪು ತಿಳಿಯುವ ಹಾಗೆ ಅವರು ಹೇಳಿರಲಿಲ್ಲ, ಅದೇ ಕಷ್ಟವಾಯಿತು.

ಸುಧಾ ಹಟ ಹಿಡಿದಳು. ಅವ್ವ ಹೊಲಿದದ್ದನ್ನು ಬಿಟ್ಟು ಬೇರೆ ತೊಡುವುದಿಲ್ಲ, ಹೊಲಿದವರು ಯಾರೆಂದು ಅಲ್ಲಿ ಯಾರಿಗೂ ಹೇಳುವುದೂ ಇಲ್ಲ ಎಂದಳು. ಪುಟ್ಟತಾಯಮ್ಮನಿಗೂ ಆಸೆಯಾಯಿತು. ಬಾಗಿಲು ಹಾಕಿ ಬಟ್ಟೆಯನ್ನು ಮಡಿಸಿ ಗುರುತು ಹಾಕಿದಳು. ಕತ್ತರಿ ಕೈಗೆ ತೆಗೆದುಕೊಂಡವಳು ಬಟ್ಟೆಗೆ ಹಾಕದೆ ಕೆಳಗಿಟ್ಟಳು. ನಾಳೆ ಆ ಹುಡುಗನಿಗೊಂದು ಜ್ವರ ಬಂದರೆ? ಬಸ್ಸು ಹತ್ತಿ ಹೋದವನು ಹೊತ್ತಿಗೆ ಬಾರದಿದ್ದರೆ? ಮಗಳಿಗೆ ಬರೀ ನೆಗಡಿಯಾದಾಗಲೂ ತಾನೇನು ಮಾಡಿಬಿಟ್ಟೆನೋ ಎಂದು ತಡಕಾಡುತ್ತಿದ್ದ ಜೀವ ಅದು. ಬೀರಮ್ಮ ಬೆರಳು ತೋರಿಸಬೇಕಾಗಿಯೇ ಇರಲಿಲ್ಲ.

ತಾನೇ ಹೊಲಿಗೆ ಕಲಿಸಿದ ಪಕ್ಕದ ಮನೆಯ ಮುತ್ತೈದೆ ಸೊಸೆ ರಾಣಿಯನ್ನು ಕರೆದು, ಕತ್ತರಿ ಅವಳಿಗೇ ಕೊಟ್ಟು, ಮಿಷನ್ನಿನ ಮುಂದೆ ಕೂರಿಸಿದಳು. ತಾನು ಮಾರು ದೂರ ಗೋಡೆಗೆ ಒರಗಿ ಕೂತು, ಎಲ್ಲಿ ತಿರುಗಿಸಬೇಕು, ಎಲ್ಲಿ ಸಡಿಲ ಬಿಡಬೇಕು ಎಂದು ಬಾಯಲ್ಲೇ ಹೇಳಿಕೊಟ್ಟಳು. ತೋಳು ಕೂಡಿಸುವಾಗ ಬಟ್ಟೆ ಸುಕ್ಕುಗಟ್ಟಿತು. ರಾಣಿ ಎರಡು ಸಲ ಬಿಚ್ಚಿದಳು, ಮತ್ತೆ ಸುಕ್ಕೇ.

"ಅಕ್ಕ, ಒಸಿ ನೀವೇ ಇಡ್ಕೊಳಿ. ಯಾರ್ ನೋಡ್ತಾರೆ?"

ಪುಟ್ಟತಾಯಮ್ಮ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು.

ಬಾಗಿಲಲ್ಲಿ ನಿಂತಿದ್ದ ಸುಧಾ ಕೇಳಿದಳು: "ಅವ್ವ, ನೀನೂ ಅಂಗೇ ಅಂದ್ಕಂಡಿದ್ದೀಯಾ?"

ಪುಟ್ಟತಾಯಮ್ಮ ಸೆರಗಿನಿಂದ ಕೈ ಹೊರಗೆ ತೆಗೆಯಲಿಲ್ಲ. ಸುಧಾ ಬಂದು ರಾಣಿಯ ಕೈಯಿಂದ ರವಿಕೆ ತೆಗೆದುಕೊಂಡು, ಸುಕ್ಕಿನ ತೋಳನ್ನು ತೊಟ್ಟು ನೋಡಿದಳು. ಸರಿಯಾಗಿದೆ, ಇಷ್ಟು ಸಾಕು ಎಂದು ರಾಣಿಗೆ ಹೇಳಿದಳು. ಅವ್ವನ ಕಡೆ ತಿರುಗಲಿಲ್ಲ.